ಮಾದರಿ ಪ್ರಬಂಧವನ್ನು ಕ್ಲಾಸಿನಲ್ಲಿ ಬಿಚ್ಚಿ ತೋರಿಸುವುದು ಹೇಗೆ?

ಹೈಸ್ಕೂಲಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುವ ಯಾರಿಗಾದರೂ ಇಂಥ ಹುಡುಗಿ ಗೊತ್ತಿರುತ್ತಾಳೆ. ಕ್ಲಾಸಿನಲ್ಲಿ ಷೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ನಾಟಕದ ನಾಯಕನ ಹೆಂಡತಿ ಲೇಡಿ ಮ್ಯಾಕ್‌ಬೆತ್ ಬಗ್ಗೆ ಕೇಳಿದರೆ ಕಣ್ಣರಳಿಸಿ ಮಾತಾಡುತ್ತಾಳೆ. "ಅವಳಿಗೆ ನಿಜವಾಗಿ ಧೈರ್ಯ ಇಲ್ಲ ಮಿಸ್, ಧೈರ್ಯ ಇದ್ದ ಹಾಗೆ ನಟಿಸ್ತಾಳೆ" ಅನ್ನುತ್ತಾಳೆ. ಅದೇ ಹುಡುಗಿ ಪರೀಕ್ಷೆಯಲ್ಲಿ ಎರಡು ಪುಟ ಕಥೆ ಬರೆದಿಟ್ಟು ಬರುತ್ತಾಳೆ. ರಾಜ ಬಂದ, ರಾತ್ರಿ ಅವನನ್ನು ಕೊಂದರು, ಆಮೇಲೆ ಅವಳಿಗೆ ನಿದ್ದೆಯಲ್ಲಿ ನಡೆಯುವ ಕಾಯಿಲೆ ಬಂತು. ಕ್ಲಾಸಿನಲ್ಲಿ ಹೇಳಿದ ಆ ಒಳ್ಳೆಯ ಮಾತು ಉತ್ತರ ಪತ್ರಿಕೆಯಲ್ಲಿ ಎಲ್ಲೂ ಇಲ್ಲ.

ಅವಳು ಓದಿದ್ದಾಳೆ, ಯೋಚಿಸಿದ್ದಾಳೆ. ಆದರೆ ಆ ಯೋಚನೆ ಕಾಗದದ ಮೇಲೆ ಬಂದರೆ ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ನೋಡಿಲ್ಲ. ಕಥೆ ಹೇಗಿರುತ್ತದೆ, ಪತ್ರ ಹೇಗಿರುತ್ತದೆ ಎಂದು ಮಕ್ಕಳಿಗೆ ಗೊತ್ತು. ಒಂದು ನಾಟಕದ ಬಗ್ಗೆ ವಾದ ಕಟ್ಟುವ ಪ್ರಬಂಧವನ್ನು ಶಾಲೆಯ ಹೊರಗೆ ಅವರು ಎಲ್ಲಿ ಓದಬೇಕು ಹೇಳಿ? ಹಾಗಾಗಿ ಅದನ್ನು ತೋರಿಸುವುದು ನಮ್ಮದೇ ಕೆಲಸ. ರಾಯ್ಸ್ ಸ್ಯಾಡ್ಲರ್ ಎಂಬ ಶಿಕ್ಷಣ ತಜ್ಞರು 1989ರಲ್ಲಿ ಈ ವಿಷಯವನ್ನು ತುಂಬಾ ಸ್ಪಷ್ಟವಾಗಿ ಹೇಳಿದರು. ಒಳ್ಳೆಯ ಕೆಲಸ ಅಂದರೆ ಏನು ಎಂಬ ಕಲ್ಪನೆ ಶಿಕ್ಷಕರ ತಲೆಯಲ್ಲಿ ಇದ್ದರೆ ಸಾಲದು. ಹೆಚ್ಚುಕಡಿಮೆ ಅದೇ ಕಲ್ಪನೆ ವಿದ್ಯಾರ್ಥಿಯ ತಲೆಯಲ್ಲೂ ಇರಬೇಕು. ತನ್ನ ಬರಹವನ್ನು ಅದರ ಪಕ್ಕ ಇಟ್ಟು ನೋಡಲು ಬರಬೇಕು. ನಡುವಿನ ಅಂತರ ಕಡಿಮೆ ಮಾಡಲು ಏನು ಮಾಡಬೇಕೆಂದೂ ತಿಳಿದಿರಬೇಕು.

ಈ ಮೂರರಲ್ಲಿ ಮೊದಲನೆಯದಕ್ಕೆ ಮಾತ್ರ ಮಾದರಿ ಪ್ರಬಂಧವನ್ನು ಬಳಸಿ ನಿಲ್ಲಿಸುತ್ತೇವೆ. ಜೆರಾಕ್ಸ್ ಮಾಡಿಸಿ ಹಂಚುತ್ತೇವೆ, ಒಮ್ಮೆ ಜೋರಾಗಿ ಓದುತ್ತೇವೆ, "ಇದೇ ತರಹ ಬರೆಯಿರಿ" ಅನ್ನುತ್ತೇವೆ. ಮಕ್ಕಳು ಅದನ್ನು ಉರು ಹೊಡೆಯುತ್ತಾರೆ. ಅವರ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಅದರೊಳಗೆ ಇನ್ನೇನಿದೆ ಎಂದು ಯಾರೂ ಅವರಿಗೆ ತೋರಿಸಿಲ್ಲವಲ್ಲ. ಒಂದು ಪ್ರಬಂಧ ಬರೆದವರು ಸಾಲು ಸಾಲಿಗೂ ಏನೋ ಒಂದು ತೀರ್ಮಾನ ಮಾಡಿರುತ್ತಾರೆ. ಇದನ್ನು ಹೇಳೋಣ, ಅದನ್ನು ಬಿಡೋಣ, ಈ ಮಾತಿನ ಹತ್ತಿರ ಸ್ವಲ್ಪ ನಿಲ್ಲೋಣ ಎಂದು. ಆ ತೀರ್ಮಾನಗಳು ಮಕ್ಕಳಿಗೆ ಕಾಣುವಂತೆ ಮಾಡಬೇಕು. ನಾನು ಇಲ್ಲಿ ಬರೆಯುವುದೆಲ್ಲ ಅದಕ್ಕಾಗಿ.

ಎಂಥ ಮಾದರಿ ಆರಿಸಬೇಕು

ಇಡೀ ಪ್ರಬಂಧದಿಂದ ಶುರು ಮಾಡಬೇಡಿ. ಒಂದು ಪ್ಯಾರಾ ಸಾಕು. ಒಂದು ಪಿರಿಯಡ್‌ನಲ್ಲಿ ಒಂದು ಪ್ಯಾರಾವನ್ನು ನಿಧಾನವಾಗಿ ನೋಡಿದ ಕ್ಲಾಸು, ನಾಲ್ಕು ಪುಟದ ಪ್ರಬಂಧವನ್ನು ಓಡಿಸಿಕೊಂಡು ಓದಿದ ಕ್ಲಾಸಿಗಿಂತ ಜಾಸ್ತಿ ಕಲಿಯುತ್ತದೆ.

ಮಾದರಿ ನಿಮ್ಮ ಮಕ್ಕಳ ಮಟ್ಟಕ್ಕಿಂತ ಒಂದು ಮೆಟ್ಟಿಲು ಮೇಲಿರಲಿ. ವಿಮರ್ಶಕರ ಭಾಷೆಯಲ್ಲಿ ಬರೆದ ಪ್ರಬಂಧ ನೋಡಿದರೆ ಹದಿನಾಲ್ಕು ವರ್ಷದ ಹುಡುಗ "ಇದು ನನ್ನ ಕೈಲಾಗಲ್ಲ" ಎಂದು ಅಲ್ಲಿಗೇ ಬಿಟ್ಟುಬಿಡುತ್ತಾನೆ. ನನಗೆ ಅತಿ ಹೆಚ್ಚು ಉಪಯೋಗವಾಗಿರುವುದು ಎರಡು ತರಹದವು. ಒಂದು, ಹಿಂದಿನ ಬ್ಯಾಚಿನ ಮಕ್ಕಳ ಉತ್ತರಗಳು. ಅವರನ್ನು ಕೇಳಿ, ಹೆಸರು ತೆಗೆದು ಬಳಸುತ್ತೇನೆ. ಇನ್ನೊಂದು, ನಾನೇ ಕೂತು ಬರೆದದ್ದು. ಮಕ್ಕಳಿಗೆ ಎಷ್ಟು ಸಮಯ ಕೊಡುತ್ತೇವೋ ಅಷ್ಟೇ ಸಮಯದಲ್ಲಿ, ಕೈಯಲ್ಲೇ ಬರೆದದ್ದು. ಹಾಗೆ ಬರೆದಾಗ ಪ್ರಶ್ನೆಯಲ್ಲಿ ಎಲ್ಲಿ ಎಡವಟ್ಟಿದೆ, ಯಾವ ಸಾಲು ಬೇಕಾದ ಹೊತ್ತಿಗೆ ನೆನಪಾಗುವುದಿಲ್ಲ ಎಂಬುದೆಲ್ಲ ಪಾಠಕ್ಕೆ ಮೊದಲೇ ಗೊತ್ತಾಗುತ್ತದೆ.

ಗೈಡ್‌ಗಳಲ್ಲಿ, ಇಂಟರ್‌ನೆಟ್‌ನಲ್ಲಿ ಸಿಗುವ ಪ್ರಬಂಧಗಳನ್ನೂ ಬಳಸಬಹುದು. ಆದರೆ ಅದರಲ್ಲಿರುವ ಪ್ರತಿಯೊಂದು ಉಲ್ಲೇಖವನ್ನೂ ಪಠ್ಯದ ಜೊತೆ ಹೋಲಿಸಿ ನೋಡಿ. ಯಾವ ಪಾತ್ರ ಹೇಳಿದ್ದು, ಯಾವ ದೃಶ್ಯದಲ್ಲಿ ಹೇಳಿದ್ದು, ಪದಗಳು ಹಾಗೇ ಇವೆಯಾ ಎಂದು. ಕಂಪ್ಯೂಟರ್‌ನಿಂದ ಬರೆಸಿದ ಪ್ರಬಂಧವಾದರಂತೂ ಇದನ್ನು ಬಿಡಲೇಬೇಡಿ.

ಎರಡು ಪ್ಯಾರಾ ಪಕ್ಕಪಕ್ಕ

ಒಂದೇ ಮಾದರಿ ಕೊಟ್ಟು "ಇದರಲ್ಲಿ ಏನು ಚೆನ್ನಾಗಿದೆ?" ಎಂದು ಕೇಳಿದರೆ ಮಕ್ಕಳು "ಭಾಷೆ ಚೆನ್ನಾಗಿದೆ, ಪದಗಳು ಚೆನ್ನಾಗಿವೆ" ಅನ್ನುತ್ತಾರೆ. ಅದರಿಂದ ಮುಂದಕ್ಕೆ ಹೋಗುವುದು ಕಷ್ಟ. ಎರಡು ಕೊಟ್ಟು "ಯಾವುದು ಒಳ್ಳೆಯದು, ಯಾಕೆ?" ಎಂದು ಕೇಳಿದರೆ ತಾವಾಗಿಯೇ ಮಾತಾಡುತ್ತಾರೆ. ಒಂದು ವಸ್ತುವಿಗೆ ಒಂಟಿಯಾಗಿ ಬೆಲೆ ಕಟ್ಟುವುದಕ್ಕಿಂತ ಎರಡನ್ನು ಹೋಲಿಸುವುದು ಎಲ್ಲರಿಗೂ ಸುಲಭ. ಲೂಯಿಸ್ ಥರ್ಸ್ಟೋನ್ ಎಂಬ ಮನಶ್ಶಾಸ್ತ್ರಜ್ಞರು 1927ರಷ್ಟು ಹಿಂದೆಯೇ ಈ ಹೋಲಿಕೆಯ ಮೇಲೆ ಅಳತೆಯ ಒಂದು ವಿಧಾನವನ್ನೇ ಕಟ್ಟಿದರು. ಈಗ ಕೆಲವು ಕಡೆ ಪ್ರಬಂಧಗಳ ಮೌಲ್ಯಮಾಪನಕ್ಕೂ ಅದನ್ನು ಬಳಸುತ್ತಾರೆ.

ನಾನು ಬಳಸುವ ಒಂದು ಜೋಡಿಯನ್ನು ಇಲ್ಲಿ ಕೊಡುತ್ತೇನೆ. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪ್ರಶ್ನೆ: ಲೇಡಿ ಮ್ಯಾಕ್‌ಬೆತ್‌ಳ ಪಾಪಪ್ರಜ್ಞೆಯನ್ನು ನಾಟಕ ಹೇಗೆ ತೋರಿಸುತ್ತದೆ?

ಮೊದಲನೆಯ ಪ್ಯಾರಾ ಹೀಗಿದೆ: "ಲೇಡಿ ಮ್ಯಾಕ್‌ಬೆತ್‌ಗೆ ಪಾಪಪ್ರಜ್ಞೆ ಇದೆ ಎಂದು ಷೇಕ್ಸ್‌ಪಿಯರ್ ತೋರಿಸುತ್ತಾನೆ. ಐದನೇ ಅಂಕದಲ್ಲಿ ಅವಳು ಕೈ ತೊಳೆಯುವ ಹಾಗೆ ಮಾಡುತ್ತಾಳೆ. ಇದರಿಂದ ಅವಳಿಗೆ ಪಾಪಪ್ರಜ್ಞೆ ಕಾಡುತ್ತಿದೆ ಎಂದು ಗೊತ್ತಾಗುತ್ತದೆ. ಈ ನಾಟಕವನ್ನು ಸುಮಾರು 1606ರಲ್ಲಿ ಬರೆದದ್ದು, ಆಗ ಒಂದನೇ ಜೇಮ್ಸ್ ರಾಜನಾಗಿದ್ದ. ಪ್ರೇಕ್ಷಕರಿಗೆ ಅವಳ ಬಗ್ಗೆ ಕನಿಕರ ಹುಟ್ಟುತ್ತದೆ."

ಎರಡನೆಯದು: "ರಾಜ ಡಂಕನ್‌ನ ಕೊಲೆಯಾದ ರಾತ್ರಿ ಲೇಡಿ ಮ್ಯಾಕ್‌ಬೆತ್‌ಗೆ ರಕ್ತ ಅಂದರೆ ಬರೀ ಕೊಳೆ. ಸಮುದ್ರದ ನೀರೆಲ್ಲ ಸೇರಿದರೂ ಈ ಕೈ ತೊಳೆಯಲಾರದು ಎಂದು ಗಂಡ ಆಗಷ್ಟೇ ತನ್ನಷ್ಟಕ್ಕೆ ಹೇಳಿಕೊಂಡಿದ್ದಾನೆ. ಒಳಗೆ ಬಂದ ಅವಳು ಸ್ವಲ್ಪ ನೀರು ಸಾಕು ಅನ್ನುತ್ತಾಳೆ. ಐದನೇ ಅಂಕದಲ್ಲಿ ನಿದ್ದೆಯಲ್ಲಿ ನಡೆಯುತ್ತ ಅದೇ ಕೈ ಉಜ್ಜಿಕೊಳ್ಳುತ್ತಾಳೆ. ಅರೇಬಿಯಾದ ಸುಗಂಧವೆಲ್ಲ ತಂದರೂ ಈ ಪುಟ್ಟ ಕೈಗೆ ಪರಿಮಳ ಬಾರದು ಅನ್ನುತ್ತಾಳೆ. ಅಂದು ಸ್ವಲ್ಪವೇ ನೀರು ಸಾಕಾಗಿತ್ತು. ಇಂದು ಕೈ ಪುಟ್ಟದು, ಆದರೆ ಒಂದು ನಾಡಿನ ಸುಗಂಧವೂ ಅದಕ್ಕೆ ಸಾಲದು. ಗಂಡ ಮೊದಲ ರಾತ್ರಿಯೇ ಕಂಡುಕೊಂಡಿದ್ದು ಅವಳಿಗೆ ಕಾಣುವ ಹೊತ್ತಿಗೆ, ಅದನ್ನು ಕೇಳಿಸಿಕೊಳ್ಳಲು ಅವನು ಅವಳ ಪಕ್ಕದಲ್ಲಿಲ್ಲ."

ಎರಡನೆಯದು ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಿಗೆ ನಿಲ್ಲಿಸಬಾರದು. ಇಲ್ಲಿಂದ ಕ್ಲಾಸು ಶುರು. ಪ್ರತಿ ವಾಕ್ಯದ ಪಕ್ಕದ ಮಾರ್ಜಿನ್‌ನಲ್ಲಿ, "ಬರೆದವರು ಈ ವಾಕ್ಯದಲ್ಲಿ ಏನು ಮಾಡಿದರು?" ಎಂದು ಒಂದು ಕ್ರಿಯಾಪದದಲ್ಲಿ ಬರೆಯಲು ಹೇಳಿ. ಏನು ಹೇಳಿದರು ಎಂದು ಬರೆಯುವುದು ಬೇಡ, ಏನು ಮಾಡಿದರು ಎಂದು ಬರೆಯಲಿ. ಎರಡನೆಯ ಪ್ಯಾರಾದ ಮಾರ್ಜಿನ್‌ನಲ್ಲಿ ಮಕ್ಕಳು ಬರೆಯುವುದು ಇಂಥವು: ಒಂದು ನಿಲುವು ತಳೆದರು. ಗಂಡನ ಮಾತಿನ ಎದುರು ಹೆಂಡತಿಯ ಮಾತು ಇಟ್ಟರು. ದೂರದ ಒಂದು ದೃಶ್ಯಕ್ಕೆ ಹಾರಿದರು. ಚಿಕ್ಕ ಪದವೊಂದನ್ನು ಹಿಡಿದು ನಿಂತರು. ಇದುವರೆಗೆ ಹೇಳದಿದ್ದ ಒಂದು ಮಾತು ಹೇಳಿ ಮುಗಿಸಿದರು.

ಅದೇ ಪ್ರಶ್ನೆಯನ್ನು ಮೊದಲನೆಯ ಪ್ಯಾರಾಕ್ಕೆ ಕೇಳಿ. ಮಾರ್ಜಿನ್‌ನಲ್ಲಿ "ಹೇಳಿದರು, ಮತ್ತೆ ಅದನ್ನೇ ಹೇಳಿದರು" ಎಂದು ಬರುತ್ತದೆ. ಮೊದಲ ವಾಕ್ಯ, ಮೂರನೆಯ ವಾಕ್ಯ ಒಂದೇ ಎಂದು ಮಕ್ಕಳೇ ಕಂಡುಹಿಡಿಯುತ್ತಾರೆ. ಜೇಮ್ಸ್ ರಾಜನ ವಾಕ್ಯದ ಪಕ್ಕ ಏನು ಬರೆಯಬೇಕೆಂದು ತೋಚದೆ ಪೆನ್ನು ಕಚ್ಚುತ್ತಾರೆ. ಆಗ ಕೇಳಿ: ಈ ವಾಕ್ಯ ತಪ್ಪಾ? ತಪ್ಪಲ್ಲ. ಇದನ್ನು ತೆಗೆದರೆ ಪ್ಯಾರಾದ ವಾದಕ್ಕೆ ಏನಾದರೂ ನಷ್ಟ ಉಂಟಾ? ಇಲ್ಲ. ರಾಜಹತ್ಯೆ ಎಂಥ ಘೋರ ಅಪರಾಧವಾಗಿತ್ತು ಎಂಬ ವಾದದಲ್ಲಿ ಇದೇ ವಾಕ್ಯ ಕೆಲಸಕ್ಕೆ ಬರುತ್ತದೆ. ಇಲ್ಲಿ ಸುಮ್ನೆ ಕೂತಿದೆ. ಕಾಲದ ಹಿನ್ನೆಲೆಯನ್ನು ಎಲ್ಲಿ ತರಬೇಕು, ಎಲ್ಲಿ ಬಿಡಬೇಕು ಎಂದು ನಾನು ಎಷ್ಟು ಭಾಷಣ ಮಾಡಿದರೂ ಈ ಒಂದು ವಾಕ್ಯದಷ್ಟು ಅವರಿಗೆ ನಾಟುವುದಿಲ್ಲ.

ಇನ್ನೊಂದು ಹೆಜ್ಜೆ ಇದೆ, ನನಗೆ ತುಂಬಾ ಮುಖ್ಯವಾದದ್ದು. ಒಳ್ಳೆಯ ಮಾದರಿಯ ಜೊತೆ ಮಕ್ಕಳು ಜಗಳವಾಡಬೇಕು. ಎರಡನೆಯ ಪ್ಯಾರಾದ ಮೊದಲ ವಾಕ್ಯ ನೋಡಿ: ಆ ರಾತ್ರಿ ಅವಳಿಗೆ ರಕ್ತ ಅಂದರೆ ಬರೀ ಕೊಳೆ. ಇದು ನಿಜವಾ? ಎರಡನೇ ಅಂಕದ ಎರಡನೇ ದೃಶ್ಯವನ್ನು ಮತ್ತೆ ತೆಗೆಸಿ. ಮಲಗಿದ್ದ ರಾಜ ತನ್ನ ತಂದೆಯ ಹಾಗೆ ಕಾಣದಿದ್ದರೆ ತಾನೇ ಆ ಕೆಲಸ ಮುಗಿಸುತ್ತಿದ್ದೆ ಎಂದು ಅವಳು ಅಲ್ಲೇ ಹೇಳುತ್ತಾಳೆ. ಅಂದರೆ ಅವಳ ಕೈ ಒಮ್ಮೆ ಹಿಂದೆ ಸರಿದಿದೆ. ಹಾಗಾದರೆ "ಬರೀ ಕೊಳೆ" ಎಂಬ ಮಾತು ಸ್ವಲ್ಪ ಜಾಸ್ತಿಯಾಯಿತು, ಅಲ್ವಾ? "ಕೊಳೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ" ಎಂದು ತಿದ್ದಿದರೆ ಹೇಗೆ? ಧೈರ್ಯ ನಟಿಸುತ್ತಾಳೆ ಎಂದು ಹೇಳಿದ ಹುಡುಗಿಗೆ ಈಗ ತನ್ನ ಮಾತಿಗೆ ಆಧಾರ ಸಿಕ್ಕಿತು. ಮಾದರಿಯನ್ನು ತಿದ್ದಿದ ಮಗು ಅದನ್ನು ಉರು ಹೊಡೆಯಲು ಹೋಗುವುದಿಲ್ಲ.

ಮಾರ್ಜಿನ್‌ನ ಆ ಕ್ರಿಯಾಪದಗಳನ್ನು ಬೋರ್ಡಿನ ಒಂದು ಮೂಲೆಯಲ್ಲಿ ಬರೆದಿಡಿ, ಅಳಿಸಬೇಡಿ. ಮುಂದಿನ ಪ್ರಬಂಧದ ಹೊತ್ತಿಗೆ ಅದೇ ಅವರ ಬಂಡವಾಳ.

ಅವರ ಕಣ್ಣೆದುರೇ ಬರೆಯಿರಿ

ಬರೆದು ಮುಗಿಸಿದ ಪ್ಯಾರಾದಲ್ಲಿ ಒಂದು ವಿಷಯ ಕಾಣುವುದೇ ಇಲ್ಲ. ಬರೆದವರು ಯಾವುದನ್ನು ಹೊಡೆದು ಹಾಕಿದರು ಎಂಬುದು. ಅದಕ್ಕೇ ಶಿಕ್ಷಕರು ಬೋರ್ಡಿನ ಮೇಲೆ, ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತ ಬರೆಯಬೇಕು. ಐದಾರು ವಾಕ್ಯ ಸಾಕು. ಮೊದಲೇ ಪೂರ್ತಿ ಬರೆದು ತಂದು ನೋಡಿಕೊಂಡು ಇಳಿಸಬೇಡಿ, ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಯಾವ ಸಾಲುಗಳನ್ನು ಬಳಸುತ್ತೀರಿ, ಎಲ್ಲಿಗೆ ಮುಟ್ಟಬೇಕು ಎಂಬುದಷ್ಟೇ ತಲೆಯಲ್ಲಿರಲಿ.

ಉದಾಹರಣೆಗೆ ಮೂರನೇ ಅಂಕದ ಔತಣದ ದೃಶ್ಯ ತೆಗೆದುಕೊಳ್ಳಿ. ಮ್ಯಾಕ್‌ಬೆತ್ ಕೊಲ್ಲಿಸಿದ ಗೆಳೆಯ ಬ್ಯಾಂಕೋನ ಪ್ರೇತ ಬಂದು ಕೂರುವ ದೃಶ್ಯ. ನಾನು ಬೋರ್ಡಿನ ಮೇಲೆ "ಮ್ಯಾಕ್‌ಬೆತ್ ಪ್ರೇತ ನೋಡಿ ಹೆದರುತ್ತಾನೆ" ಎಂದು ಬರೆಯುತ್ತೇನೆ. ಬರೆದು ನಿಂತು ಹೇಳುತ್ತೇನೆ: ಇದು ಕಥೆ ಆಯಿತು. ನಾಟಕ ಓದದೆ ಯಾರಿಂದಲೋ ಕೇಳಿದವರೂ ಇದನ್ನು ಬರೆಯಬಹುದು. ಹೊಡೆಯುತ್ತೇನೆ. ಈ ದೃಶ್ಯ ಶುರುವಾಗುವಾಗ ಅವನ ಮೊದಲ ಮಾತು ಏನು? ನಿಮ್ಮ ನಿಮ್ಮ ಅಂತಸ್ತು ನಿಮಗೆ ಗೊತ್ತು, ಕೂತುಕೊಳ್ಳಿ. ಅತಿಥಿಗಳು ಹೊರಡುವಾಗ? ಯಾರು ಮೊದಲು, ಯಾರು ಆಮೇಲೆ ಎಂದು ನೋಡುತ್ತ ನಿಲ್ಲಬೇಡಿ, ಈಗಲೇ ಹೊರಡಿ. ಎರಡನೆಯದನ್ನು ಹೇಳುವುದು ಹೆಂಡತಿ. ಅಂತಸ್ತಿನ ಕ್ರಮದಿಂದ ಶುರುವಾದ ಔತಣ ಅದೇ ಕ್ರಮ ಮುರಿದು ಮುಗಿಯುತ್ತದೆ. ಹಾಗಾದರೆ ನನ್ನ ಮೊದಲ ವಾಕ್ಯ ಪ್ರೇತದಿಂದ ಶುರುವಾಗಬೇಕಾ, ಕುರ್ಚಿಗಳಿಂದ ಶುರುವಾಗಬೇಕಾ?

ಇಲ್ಲಿ ಮಕ್ಕಳನ್ನು ಕೇಳುತ್ತೇನೆ. ಇಬ್ಬರು ಎರಡು ವಾಕ್ಯ ಹೇಳುತ್ತಾರೆ. ಎರಡನ್ನೂ ಬೋರ್ಡಿನ ಮೇಲೆ ಬರೆದು ಕ್ಲಾಸಿಗೆ ಆರಿಸಲು ಬಿಡುತ್ತೇನೆ. ಆರಿಸಿದ್ದರ ಕಾರಣ ಹೇಳಬೇಕು. ಮುಂದಿನ ಎರಡು ವಾಕ್ಯ ಎಲ್ಲರೂ ಸೇರಿ. ಅದರ ನಂತರದ್ದು ಪ್ರತಿಯೊಬ್ಬರೂ ತಮ್ಮ ನೋಟ್‌ಬುಕ್ಕಿನಲ್ಲಿ. ಮೊದಲು ನಾನು, ಆಮೇಲೆ ನಾವು, ಕೊನೆಗೆ ನೀವು ಎಂಬ ಈ ಕ್ರಮ ಹಳೆಯದು. ಪಿಯರ್ಸನ್ ಮತ್ತು ಗ್ಯಾಲಗರ್ ಎಂಬ ಇಬ್ಬರು 1983ರಲ್ಲಿ ಓದುವಿಕೆಯ ಬೋಧನೆಯ ಬಗ್ಗೆ ಬರೆಯುವಾಗ, ಜವಾಬ್ದಾರಿಯನ್ನು ಸ್ವಲ್ಪ ಸ್ವಲ್ಪವಾಗಿ ಮಕ್ಕಳಿಗೆ ದಾಟಿಸುವುದು ಎಂದು ಇದನ್ನು ವಿವರಿಸಿದರು. ನಡುವಿನ "ನಾವು" ಎಂಬ ಹಂತವನ್ನು ಅವಸರದಲ್ಲಿ ಬಿಟ್ಟುಬಿಡುವುದೇ ಜಾಸ್ತಿ. ಬಿಟ್ಟರೆ ಮಕ್ಕಳು ಶಿಕ್ಷಕರ ಬರಹ ನೋಡಿ ಮೆಚ್ಚುತ್ತಾರೆ, ತಮ್ಮ ಖಾಲಿ ಹಾಳೆ ನೋಡಿ ಕೂರುತ್ತಾರೆ.

ಮೊದಲು ಮಾದರಿಯೋ, ಮೊದಲು ಬರೆಸುವುದೋ

ಇದು ಶಿಕ್ಷಕರ ನಡುವೆ ಯಾವಾಗಲೂ ಬರುವ ಚರ್ಚೆ. ಮಕ್ಕಳು ಆ ತರಹದ ಪ್ರಬಂಧವನ್ನು ಮೊದಲ ಸಲ ಬರೆಯುತ್ತಿದ್ದರೆ ಮಾದರಿ ಮೊದಲು ಬರಲಿ ಎಂಬುದು ನನ್ನ ನಿಲುವು. ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ ಎಂಬ ಸಂಶೋಧಕರು 1985ರಲ್ಲಿ ಬೀಜಗಣಿತದ ಮೇಲೆ ಮಾಡಿದ ಪ್ರಯೋಗಗಳಲ್ಲಿ, ಬಿಡಿಸಿ ತೋರಿಸಿದ ಲೆಕ್ಕಗಳನ್ನು ಓದಿದ ಹೊಸಬರು, ತಾವೇ ಬಿಡಿಸುತ್ತ ಕಲಿತವರಿಗಿಂತ ಅದೇ ತರಹದ ಲೆಕ್ಕಗಳನ್ನು ಬೇಗ ಬಿಡಿಸಿದರು, ತಪ್ಪೂ ಕಡಿಮೆ ಮಾಡಿದರು. ಪ್ರಬಂಧಕ್ಕೆ ಲೆಕ್ಕದ ಹಾಗೆ ಒಂದೇ ಸರಿಯುತ್ತರ ಇಲ್ಲ, ಒಪ್ಪುತ್ತೇನೆ. ಆದರೆ ಕಾರಣ ಇಲ್ಲೂ ಅನ್ವಯಿಸುತ್ತದೆ. ನಾಟಕ ನೆನಪಿಟ್ಟುಕೊಳ್ಳಬೇಕು, ಸಾಲು ಹುಡುಕಬೇಕು, ವಾದ ಕಟ್ಟಬೇಕು, ಇಂಗ್ಲಿಷ್ ವಾಕ್ಯ ಜೋಡಿಸಬೇಕು. ಇಷ್ಟೂ ಒಟ್ಟಿಗೆ ಮೈಮೇಲೆ ಬಿದ್ದರೆ ಹೊಸದಾಗಿ ಕಲಿಯುವವರಿಗೆ ಯಾವುದರ ಮೇಲೂ ಗಮನ ಉಳಿಯುವುದಿಲ್ಲ. ಮನೆಯಲ್ಲಿ ಬೇರೆ ಭಾಷೆ ಮಾತಾಡುವ ಮಕ್ಕಳಿಗಂತೂ ಈ ಭಾರ ಇನ್ನೂ ಹೆಚ್ಚು.

ಎರಡನೆಯ, ಮೂರನೆಯ ಪ್ರಬಂಧಕ್ಕೆ ಬಂದಾಗ ತಿರುಗಿಸಿ. ಮೊದಲು ಅವರು ಬರೆಯಲಿ, ಆಮೇಲೆ ಮಾದರಿ ನೋಡಲಿ. ಆಗ ಮಾದರಿಯಲ್ಲಿ ಹುಡುಕಲು ಅವರಿಗೇ ಏನೋ ಇರುತ್ತದೆ. "ನಾನು ಸಿಕ್ಕಿಹಾಕಿಕೊಂಡ ಕಡೆ ಇವರು ಏನು ಮಾಡಿದ್ದಾರೆ?" ಎಂದು ನೋಡುತ್ತಾರೆ.

ಒಂದು ಹಂತದ ನಂತರ ಮಾದರಿಯನ್ನೇ ನಿಲ್ಲಿಸಬೇಕು. ಹೊಸಬರಿಗೆ ನೆರವಾಗುವ ವಿವರಣೆ, ಕಲಿತವರಿಗೆ ಅಡ್ಡಿಯೇ ಆಗಬಹುದು ಎಂದು ಸ್ವೆಲ್ಲರ್ ಮತ್ತು ಅವರ ಜೊತೆಗಾರರು 2003ರಲ್ಲಿ ಬರೆದರು. ಕ್ಲಾಸಿನಲ್ಲೂ ಅದು ಕಾಣುತ್ತದೆ. ಚೆನ್ನಾಗಿ ಬರೆಯುವ ಹುಡುಗ ಮಾದರಿ ನೋಡಿದ ಮೇಲೆ ತನ್ನ ದಾರಿ ಬಿಟ್ಟು ಅದರ ದಾರಿ ಹಿಡಿದರೆ, ಅವನಿಗೆ ಅದು ಸಾಕು ಎಂದು ಅರ್ಥ. ಅವನಿಗೆ ಮಾದರಿಯ ಬದಲು ಒಂದು ಕಷ್ಟದ ಪ್ರಶ್ನೆ ಕೊಡಿ.

ಪ್ಯಾರಾ ಕಟ್ಟಲು ಕಲಿಸುವ ಪಾಯಿಂಟ್ (ಹೇಳಬೇಕಾದ ಮಾತು), ಎವಿಡೆನ್ಸ್ (ಪಠ್ಯದ ಆಧಾರ), ಎಕ್ಸ್‌ಪ್ಲನೇಷನ್ (ವಿವರಣೆ), ಲಿಂಕ್ (ಪ್ರಶ್ನೆಗೆ ಮತ್ತೆ ಕೊಂಡಿ) ಎಂಬ ಚೌಕಟ್ಟಿನ ಬಗ್ಗೆಯೂ ಇದೇ ಮಾತು. ಕಾಲು ನೆಟ್ಟಗಾಗುವವರೆಗೆ ಹಿಡಿಯುವ ಊರುಗೋಲು ಅದು. ಮೇಲಿನ ಎರಡನೆಯ ಪ್ಯಾರಾಕ್ಕೆ ಆ ನಾಲ್ಕು ಹೆಸರು ಹಚ್ಚಲು ಮಕ್ಕಳಿಗೆ ಹೇಳಿ. ಸರಿಯಾಗಿ ಕೂರುವುದಿಲ್ಲ. ಎವಿಡೆನ್ಸ್ ಮೂರು ಕಡೆ ಬರುತ್ತದೆ, ಲಿಂಕ್ ಎಲ್ಲೂ ಇಲ್ಲ. ಚೌಕಟ್ಟನ್ನು ಎಲ್ಲಿ ಬಿಡಬಹುದು ಎಂದು ಅದೇ ಅವರಿಗೆ ತೋರಿಸುತ್ತದೆ.

ಉರು ಹೊಡೆಯದಂತೆ ನೋಡಿಕೊಳ್ಳುವುದು

ಮಾದರಿ ತೋರಿಸಿದ ಪ್ರಶ್ನೆಗೇ ಉತ್ತರ ಬರೆಸಬೇಡಿ. ಇದೊಂದು ಪಾಲಿಸಿದರೆ ಅರ್ಧ ತೊಂದರೆ ಕಳೆಯುತ್ತದೆ. ಮಾದರಿ ಒಂದು ಪ್ರಶ್ನೆಗೆ, ಬರವಣಿಗೆ ಅದರ ಪಕ್ಕದ ಪ್ರಶ್ನೆಗೆ. ಮಾಡಬೇಕಾದ ಕೆಲಸ ಅದೇ ಇರಬೇಕು, ಸಾಮಗ್ರಿ ಬೇರೆಯಾಗಬೇಕು.

ನೀರು ಮತ್ತು ಕೈಯ ಮಾದರಿ ನೋಡಿದ ಮೇಲೆ ನಾನು ಕೊಡುವ ಪ್ರಶ್ನೆ ಬೆಳಕು ಮತ್ತು ಕತ್ತಲೆಯದು. ಮೊದಲ ಅಂಕದ ಐದನೇ ದೃಶ್ಯದಲ್ಲಿ ಲೇಡಿ ಮ್ಯಾಕ್‌ಬೆತ್ ದಟ್ಟ ರಾತ್ರಿಯನ್ನು ಬಾ ಎಂದು ಕರೆಯುತ್ತಾಳೆ. ಐದನೇ ಅಂಕದ ಮೊದಲ ದೃಶ್ಯದಲ್ಲಿ ಅವಳ ಪಕ್ಕ ಯಾವಾಗಲೂ ದೀಪ ಇರಬೇಕು, ಅದು ಅವಳದೇ ಆಜ್ಞೆ ಎಂದು ದಾಸಿ ವೈದ್ಯನಿಗೆ ಹೇಳುತ್ತಾಳೆ. ಈ ಎರಡು ಜಾಗಗಳನ್ನು ನಾನು ಹೇಳುವುದಿಲ್ಲ. "ಈ ದೃಶ್ಯದಲ್ಲಿ ಅವಳ ಕೈಯಲ್ಲಿ ಏನಿದೆ? ಅದು ಎಲ್ಲಿಂದ ಬಂತು?" ಎಂದಷ್ಟೇ ಕೇಳುತ್ತೇನೆ. ಎರಡು ದೃಶ್ಯ ಪಕ್ಕಪಕ್ಕ ಇಡುವ ಕೆಲಸ ಮಾದರಿಯಿಂದ ಕಲಿತದ್ದು. ಆದರೆ ರಾತ್ರಿಯನ್ನು ಕರೆದವಳು ಈಗ ದೀಪ ಬಿಟ್ಟಿರಲಾರಳು ಎಂದು ಕಂಡುಕೊಂಡದ್ದು ಅವರದೇ.

ಇನ್ನೊಂದು ವಿಧಾನ ಬೆಂಜಮಿನ್ ಫ್ರಾಂಕ್ಲಿನ್‌ರದು. ಹುಡುಗನಾಗಿದ್ದಾಗ ತಾನು ಬರೆಯಲು ಕಲಿತ ಬಗೆಯನ್ನು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಲಂಡನ್ನಿನ ಒಂದು ಪತ್ರಿಕೆಯ ಲೇಖನಗಳನ್ನು ಓದಿ, ಪ್ರತಿ ವಾಕ್ಯದ ಆಶಯವನ್ನು ಒಂದೆರಡು ಪದಗಳಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಕೆಲವು ದಿನ ಬಿಟ್ಟು, ಲೇಖನ ನೋಡದೆ, ಆ ಗುರುತುಗಳಿಂದ ಮತ್ತೆ ಬರೆಯುತ್ತಿದ್ದರು. ಆಮೇಲೆ ಮೂಲದ ಜೊತೆ ಹೋಲಿಸಿ ತಿದ್ದಿಕೊಳ್ಳುತ್ತಿದ್ದರು. ಕೆಲವೊಮ್ಮೆ ಗುರುತುಗಳನ್ನು ಕಲಸಿಬಿಟ್ಟು, ಕೆಲವು ವಾರದ ನಂತರ ಸರಿಯಾದ ಕ್ರಮಕ್ಕೆ ತರಲು ನೋಡುತ್ತಿದ್ದರು. ಇದನ್ನು ಹಾಗೇ ಕ್ಲಾಸಿಗೆ ತನ್ನಿ. ಸೋಮವಾರ ಪ್ಯಾರಾ ಓದಿ ವಾಕ್ಯಕ್ಕೆ ಮೂರು ಪದದಂತೆ ಗುರುತು ಹಾಕಿಸಿ, ಹಾಳೆ ವಾಪಸ್ ತೆಗೆದುಕೊಳ್ಳಿ. ಗುರುವಾರ ಗುರುತು ಮಾತ್ರ ಕೊಟ್ಟು ಬರೆಸಿ. ನಡುವೆ ದಿನಗಳು ಹೋಗಿರುವುದರಿಂದ ವಾಕ್ಯಗಳು ಮರೆತಿರುತ್ತವೆ, ವಾದದ ದಾರಿ ಉಳಿದಿರುತ್ತದೆ. ಹೋಲಿಸುವಾಗ ಕೆಲವರ ವಾಕ್ಯ ಮಾದರಿಗಿಂತ ಚೆನ್ನಾಗಿರುವುದೂ ಉಂಟು. ಅದನ್ನು ಎಲ್ಲರೆದುರು ಓದಿ.

ಬರೆದಾದ ಮೇಲೆ

ಪ್ರಬಂಧ ತಿದ್ದಿ ಕೊಡುವ ಮುಂಚೆ ಮಕ್ಕಳ ಕೈಗೇ ವಾಪಸ್ ಕೊಡಿ. ಮಾದರಿಯ ಮಾರ್ಜಿನ್‌ನಲ್ಲಿ ಬರೆದ ಹಾಗೇ ತಮ್ಮ ಮಾರ್ಜಿನ್‌ನಲ್ಲೂ ಬರೆಯಲಿ: ಇಲ್ಲಿ ನಾನು ಏನು ಮಾಡಿದೆ? ಮೂರು ವಾಕ್ಯದ ಪಕ್ಕ ಸಾಲಾಗಿ "ಕಥೆ ಹೇಳಿದೆ" ಎಂದು ಬಂದರೆ ನಾನು ಕೆಂಪು ಶಾಯಿಯಲ್ಲಿ ಏನೂ ಬರೆಯಬೇಕಾಗಿಲ್ಲ. ಒಂದೇ ಒಂದು ಪ್ಯಾರಾ ಆರಿಸಿ ಮತ್ತೆ ಬರೆಯಲು ಹೇಳುತ್ತೇನೆ. ಇಡೀ ಪ್ರಬಂಧ ಮತ್ತೆ ಬರೆಸಿದರೆ ನೀಟಾಗಿ ನಕಲು ಮಾಡಿ ತರುತ್ತಾರೆ, ಯೋಚನೆ ಬದಲಾಗುವುದಿಲ್ಲ. ಮಾರ್ಕ್ಸನ್ನು ಈ ಕೆಲಸ ಮುಗಿಯುವವರೆಗೆ ಹೇಳಬೇಡಿ. ಮಾರ್ಕ್ಸ್ ಕಂಡ ಕೂಡಲೇ ಮಕ್ಕಳು ಪಕ್ಕದವರದ್ದು ನೋಡುತ್ತಾರೆ, ಪ್ರಬಂಧ ಮುಚ್ಚುತ್ತಾರೆ.

ಬೇರೆಯವರ ಪಾಠವನ್ನು ನಮ್ಮದು ಮಾಡಿಕೊಳ್ಳುವುದು

ಮಾದರಿ ಪಾಠಗಳು, ಅಂದರೆ ಸಿದ್ಧ ಲೆಸನ್ ಪ್ಲಾನ್‌ಗಳು, ಸ್ಲೈಡ್‌ಗಳು ಈಗ ಬೇಕಾದಷ್ಟು ಸಿಗುತ್ತವೆ. ಹೊಸ ಶಿಕ್ಷಕರಿಗೆ ಅವು ದೊಡ್ಡ ಆಸರೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬಳಸುವ ಕ್ರಮ ಮಾತ್ರ ಗೊತ್ತಿರಬೇಕು.

ಪ್ಲಾನ್ ತೆರೆಯುವ ಮುಂಚೆ ಪಠ್ಯವನ್ನು ನೀವೇ ಮತ್ತೊಮ್ಮೆ ಓದಿ. ನಿಮಗೆ ಯಾವ ಸಾಲು ತಟ್ಟಿತು, ಎಲ್ಲಿ ಅನುಮಾನ ಬಂತು, ಗುರುತು ಹಾಕಿಕೊಳ್ಳಿ. ಆಮೇಲೆ ಪ್ಲಾನ್ ನೋಡಿ. ಮೊದಲೇ ಪ್ಲಾನ್ ನೋಡಿದರೆ ಅದನ್ನು ಬರೆದವರ ಕಣ್ಣಿನಿಂದಲೇ ಕವಿತೆ ಓದುತ್ತೀರಿ. ಮಕ್ಕಳು ಪ್ಲಾನಿನಲ್ಲಿ ಇಲ್ಲದ ಪ್ರಶ್ನೆ ಕೇಳಿದಾಗ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ನಂತರ ಆ ಪಾಠದ ನಡುವೆ ಇರುವ ಒಂದು ಪ್ರಶ್ನೆ ಯಾವುದು ಎಂದು ಹುಡುಕಿ. ಒಳ್ಳೆಯ ಪಾಠಗಳಲ್ಲಿ ಅಂಥದ್ದೊಂದು ಇರುತ್ತದೆ. ಉಳಿದ ಚಟುವಟಿಕೆಗಳೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುವ ದಾರಿ. ಆ ಪ್ರಶ್ನೆ ಸಿಕ್ಕಿದರೆ ಅರ್ಧ ಸ್ಲೈಡ್ ಅಳಿಸಬಹುದು. ಸಿಗದಿದ್ದರೆ ಆ ಪಾಠ ಬೇಡ, ಎಷ್ಟೇ ಬಣ್ಣಬಣ್ಣವಾಗಿದ್ದರೂ ಬೇಡ. ಕವಿಯ ಜೀವನ ಚರಿತ್ರೆಯ ಸ್ಲೈಡ್‌ಗಳನ್ನು ನಾನು ಮೊದಲು ತೆಗೆಯುತ್ತೇನೆ. ಕವಿತೆಯನ್ನು ಜೋರಾಗಿ ಓದುವ ಸಮಯವನ್ನು ಮೊದಲು ಸೇರಿಸುತ್ತೇನೆ.

ಆ ಪ್ರಶ್ನೆಗೆ ನಿಮ್ಮ ಮಕ್ಕಳು ಕೊಡಬಹುದಾದ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ತಪ್ಪು ಉತ್ತರಗಳನ್ನೂ ಸೇರಿಸಿ. ಪ್ರತಿಯೊಂದಕ್ಕೂ ನೀವು ತಿರುಗಿ ಏನು ಕೇಳುತ್ತೀರಿ? ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಸೇರಿ ಒಂದು ಪಾಠವನ್ನು ಸಿದ್ಧಪಡಿಸುವ ಪದ್ಧತಿ ಇದೆ, ಅದಕ್ಕೆ ಜುಗ್ಯೋ ಕೆಂಕ್ಯೂ ಎನ್ನುತ್ತಾರೆ. ಮಕ್ಕಳು ಏನು ಹೇಳಬಹುದು ಎಂದು ಮೊದಲೇ ಊಹಿಸಿ ಬರೆಯುವುದು ಅದರ ಮುಖ್ಯ ಭಾಗ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಹಿಂದೆ ನಿಂತು ಮಕ್ಕಳನ್ನು ಗಮನಿಸುತ್ತಾರೆ, ಆಮೇಲೆ ಎಲ್ಲರೂ ಕೂತು ಚರ್ಚಿಸುತ್ತಾರೆ. ಮಾದರಿ ಪಾಠ ನೋಡಲು ಹೋದಾಗ ಇದನ್ನು ನೆನಪಿಡಿ. ಶಿಕ್ಷಕರು ಎಷ್ಟು ಚೆನ್ನಾಗಿ ಮಾತಾಡಿದರು ಎಂದು ನೋಡುತ್ತ ಕೂರಬೇಡಿ. ಒಬ್ಬ ಹುಡುಗನನ್ನು ಆರಿಸಿಕೊಂಡು, ಅವನು ಯಾವಾಗ ಪೆನ್ನು ಹಿಡಿದ, ಯಾವಾಗ ಕಿಟಕಿ ಕಡೆ ನೋಡಿದ, ಪಕ್ಕದವಳಿಗೆ ಏನು ಹೇಳಿದ ಎಂದು ಬರೆದುಕೊಳ್ಳಿ.

ಪಾಠ ಮುಗಿದ ದಿನವೇ ಪ್ಲಾನಿನ ಅಂಚಿನಲ್ಲಿ ಎರಡು ಸಾಲು ಬರೆಯಿರಿ. ಯಾವ ಪ್ರಶ್ನೆಗೆ ಕ್ಲಾಸು ಎದ್ದು ಕೂತಿತು, ಎಲ್ಲಿ ಸಮಯ ಸಾಲಲಿಲ್ಲ. ಯಾವುದಾದರೂ ಮಗು ಪ್ಲಾನಿನಲ್ಲಿ ಇಲ್ಲದ ಮಾತು ಹೇಳಿದ್ದರೆ ಅದನ್ನು ಅದೇ ಮಾತುಗಳಲ್ಲಿ ಬರೆದಿಡಿ. ಆ ಪ್ಲಾನನ್ನು ಸಹೋದ್ಯೋಗಿಗೆ ಕೊಡುವಾಗ ಅಂಚಿನ ಬರಹ ಸಮೇತ ಕೊಡಿ. ಅವರ ಕ್ಲಾಸಿನಲ್ಲಿ ಆದದ್ದನ್ನು ಅದರ ಕೆಳಗೆ ಬರೆದು ವಾಪಸ್ ಕೊಡಲು ಕೇಳಿ.